ಹೆಜ್ಜೆಯ ಎಚ್ಚರ, ಪಾಠದ ಏಕಾಗ್ರತೆ

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಮಳೆಗಾಲದ ತೋಡುಗಳನ್ನು ದಾಟಲು ಅಡಕೆಮರದ ಕಾಲುಸಂಕಗಳಿದ್ದವು. ಅವುಗಳ ಮೇಲೆ ಶಾಲೆಗೆ ಹೋಗುವ ಬಾಲಕನಿಗೆ ‘ಗಮನವಿಡು’ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕಣ್ಣು, ಕಾಲು, ಉಸಿರು ಒಂದೇ ಕಡೆ ನೆಲೆಸುತ್ತಿದ್ದವು. ಅಪಾಯದ ಆ ಸಂಕಗಳು ಹೋಗಿ ಸೇತುವೆಗಳು ಬರುವುದೇ ಲೇಸು. ಆದರೆ ಸಂಕದೊಡನೆ ಆ ಎಚ್ಚರವೂ ಹೋಗಬೇಕಾಗಿಲ್ಲ. ಇಂದು ಅನೇಕ ಮಕ್ಕಳು ಮನೆಯಂಗಳದಲ್ಲಿ ವಾಹನವೇರಿ ಶಾಲೆಯಂಗಳದಲ್ಲಿ ಇಳಿಯುತ್ತಾರೆ. ಇಳಿದೊಡನೆ ಬೆಂಚಿನ ಮೇಲೆ ಅಲುಗಾಡದೆ ಕುಳಿತಿರಬೇಕು. ಅಲುಗಾಡಿದ ಮಗುವಿಗೆ ‘ಚಂಚಲ’, ‘ದಡ್ಡ’ ಎಂಬ ಬಿರುದು ದೊರೆಯುತ್ತದೆ. ಮಾತಿನಿಂದ ನೋಯಿಸುವುದೂ ಹಿಂಸೆಯೆಂದು ನಂಬಿದ ಮನೆಗಳಲ್ಲಿಯೂ ಇದು ಕೇಳಿಬರುವುದು ವಿಷಾದಕರ.

ಏಕಾಗ್ರತೆಯ ವಿಷಯದಲ್ಲಿ ಆಚಾರ್ಯರು ಮನುಷ್ಯನ ಶಕ್ತಿಯನ್ನು ಅಳೆದೇ ಮಾತನಾಡಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದ ಪ್ರಕಾರ, ಉತ್ತಮ ಸಂಹನನವುಳ್ಳವನಿಗೂ ಒಂದೇ ವಿಷಯದಲ್ಲಿ ಚಿತ್ತ ನಿಲ್ಲುವುದು ಅಂತರ್ಮುಹೂರ್ತದವರೆಗೆ ಮಾತ್ರ. ಮುಹೂರ್ತವೆಂದರೆ 48 ನಿಮಿಷ. ಅಂತರ್ಮುಹೂರ್ತ ಅದಕ್ಕಿಂತ ಕಡಿಮೆ. ವಜ್ರಕಾಯದ ಸಾಧಕನಿಗೆ ಹೇಳಿದ ಈ ಮಿತಿಯನ್ನು ಏಳು ವರ್ಷದ ಮಗು ಒಂದೊಂದು ಪಿರಿಯಡ್ಡಿನಲ್ಲಿಯೂ ಮುಟ್ಟಬೇಕೆಂದು ಬಯಸುವುದು ನ್ಯಾಯವೇ?

ಇನ್ನೊಂದು ಸಂಗತಿಯೂ ಗಮನಾರ್ಹ. ಸಾಮಾಯಿಕವು ಸ್ಥಿರತೆಯ ಸಾಧನೆ. ಆದರೂ ದಿಗಂಬರ ಆಮ್ನಾಯದ ವಿಧಿಯಲ್ಲಿ ಮೊದಲು ನಾಲ್ಕು ದಿಕ್ಕುಗಳಿಗೆ ತಿರುಗಿ, ಮೂರು ಮೂರರಂತೆ 12 ಆವರ್ತಗಳನ್ನೂ 4 ಶಿರೋನತಿಗಳನ್ನೂ ಮಾಡಬೇಕು. ಮೊದಲು ಅಳತೆಯ ಚಲನೆ, ಬಳಿಕ ನಿಲುವು. ತಕ್ಕಡಿಯ ಮುಳ್ಳೂ ತೂಗಾಡಿದ ಮೇಲೆಯೇ ನಿಲ್ಲುತ್ತದೆ. ಬೆರಳಿನಿಂದ ಒತ್ತಿ ನಿಲ್ಲಿಸಿದರೆ ತೂಕವೇ ಸುಳ್ಳು.

ಪುತ್ತೂರಿನ ಬಾಲವನದಲ್ಲಿ ಡಾ. ಶಿವರಾಮ ಕಾರಂತರು (1902–1997) ಆಟ, ಕುಣಿತ, ನಾಟಕಗಳನ್ನು ಮಕ್ಕಳ ಕಲಿಕೆಯೊಳಗೆ ತಂದದ್ದು ಈ ನೆಲದವರಿಗೆ ತಿಳಿದದ್ದೇ. ಯಕ್ಷಗಾನದ ಹೆಜ್ಜೆ ಕಲಿಯುವ ಮಗುವನ್ನು ನೋಡಿದರೂ ಸಾಕು: ತಾಳ ತಪ್ಪಬಾರದೆಂಬ ಎಚ್ಚರದಲ್ಲಿ ಅದರ ಮನಸ್ಸು ಅತ್ತಿತ್ತ ಹೋಗದು.

ಈರ್ಯಾಸಮಿತಿಯನ್ನು ವಿಧಿಸಿದ್ದು ಮುನಿಗಳಿಗೆ: ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಜೀವಿಗಳನ್ನು ತುಳಿಯದೆ ನಡೆಯುವುದು. ಅದರ ಒಂದಂಶವನ್ನು ಮಕ್ಕಳಿಗೆ ಆಟದಂತೆ ಕಲಿಸಬಹುದು. ಬಸದಿಗಳ ಆಡಳಿತ ಮಂಡಳಿಗಳು ತಮ್ಮ ಪಾಠಶಾಲೆಗಳಲ್ಲಿ ಪಾಠಕ್ಕೆ ಮುನ್ನ 5 ನಿಮಿಷ ಮೌನವಾಗಿ ಪ್ರದಕ್ಷಿಣೆ ಹಾಕಿಸಲಿ. ಒದ್ದೆ ಅಂಗಳದಲ್ಲಿ ಎಷ್ಟು ಇರುವೆ, ಎಷ್ಟು ಬಸವನಹುಳುಗಳನ್ನು ಕಂಡು ಕಾಲು ತಪ್ಪಿಸಿದೆನೆಂದು ಮಗು ಬಂದು ಹೇಳಲಿ. ಅನಂತರ ಒಂಬತ್ತು ಣಮೋಕಾರಗಳ ಕಾಯೋತ್ಸರ್ಗ, ಎಂದರೆ 27 ಉಸಿರು, ಬಳಿಕ ಪುಸ್ತಕ. ಇದಕ್ಕೆ ಹಣ ಬೇಡ, ಉಪಕರಣ ಬೇಡ. ಹಿರಿಯರೊಬ್ಬರು ಜೊತೆಯಲ್ಲಿ ನಡೆದರೆ ಸಾಕು.

ಇದರಿಂದ ಅಂಕಗಳು ಹೆಚ್ಚುವುವೆಂಬ ಭರವಸೆ ಕೊಡಬೇಕಾಗಿಲ್ಲ. ಇರುವೆಯನ್ನು ಕಂಡು ಕಾಲು ತಡೆಯುವ ಮಗು ನೋಡುವುದನ್ನು ಕಲಿತಿರುತ್ತದೆ. ಅಕ್ಷರಕ್ಕೂ ಬೇಕಾದದ್ದು ಅದೇ ನೋಟ. ಜೊತೆಯಲ್ಲಿ ನಡೆದ ಹಿರಿಯರೂ ‘ದಡ್ಡ’ ಎಂಬ ಮಾತನ್ನು ನಾಲಿಗೆಯಲ್ಲೇ ತಡೆಯಲು ಕಲಿತಾರು. ಭಾಷಾಸಮಿತಿಯೂ ಸಮಿತಿಯೇ ಅಲ್ಲವೇ?