ಗೋಡೆಯ ಮೇಲಿನ ಮೊಳೆ

ಅಕ್ಕನ ಮಗಳು ಮುಂದಿನ ತಿಂಗಳು ಯುರೋಪ್ ಟೂರಿಗೆ ಹೊರಟಿದ್ದಾಳೆ. ಟೂರಿನವರು ಕೊಟ್ಟ ಪಟ್ಟಿ ಹಿಡಿದುಕೊಂಡು ಇವತ್ತು ಬೆಳಿಗ್ಗೆ ಬಂದಿದ್ದಳು. ಆಮ್‌ಸ್ಟರ್‌ಡ್ಯಾಮಿನ ದಿನದಲ್ಲಿ ಕಾಲುವೆಯ ದೋಣಿ ವಿಹಾರಕ್ಕೂ ಚೀಸ್ ಅಂಗಡಿಗೂ ನಡುವೆ ‘ರೈಕ್ಸ್ ಮ್ಯೂಸಿಯಂ, ಒಂದು ಗಂಟೆ’ ಎಂದು ಅಚ್ಚಾಗಿತ್ತು. “ಮಾಮ, ಒಂದು ಗಂಟೇಲಿ ಏನು ನೋಡೋಕಾಗುತ್ತೆ? ಇದನ್ನ ಬಿಟ್ಟುಬಿಡ್ಲಾ? ಶಾಪಿಂಗಿಗಾದ್ರೂ ಟೈಮ್ ಸಿಗುತ್ತೆ” ಅಂದಳು. ಕಾಫಿ ಕುಡಿಯುತ್ತಿದ್ದವನಿಗೆ ಸಿಟ್ಟೇ ಬಂತು. ದೊಡ್ಡ ಮ್ಯೂಸಿಯಮ್ಮನ್ನು ಪೂರ್ತಿ ನೋಡಿದರೆ ಮಾತ್ರ ನೋಡಿದ ಹಾಗೆ ಎಂದು ಈ ಹುಡುಗಿಯ ತಲೆಯಲ್ಲಿ ತುಂಬಿದವರ ಮೇಲೆ ಬಂದ ಸಿಟ್ಟು ಅದು.

ಪೂರ್ತಿ ನೋಡುವ ಲೆಕ್ಕವನ್ನೂ ಹಾಕಿಬಿಡೋಣ. ಅಲ್ಲಿ 80 ಕೋಣೆಗಳಲ್ಲಿ ಸುಮಾರು 8,000 ವಸ್ತುಗಳನ್ನು ಇಟ್ಟಿದ್ದಾರೆ. ಒಂದೊಂದಕ್ಕೆ ಒಂದೇ ನಿಮಿಷ ಕೊಟ್ಟು, ಬೆಳಿಗ್ಗೆ 9ಕ್ಕೆ ಹೋಗಿ ಸಂಜೆ 5ಕ್ಕೆ ಬಾಗಿಲು ಹಾಕುವವರೆಗೆ ನಿಂತರೂ 16 ದಿನ ಕಳೆದು ಮತ್ತೂ ಅರ್ಧ ದಿನಕ್ಕಿಂತ ಹೆಚ್ಚು ಬೇಕು. ದಾರಿಹೋಕರಿಂದ ಇದು ಆಗುವ ಮಾತಲ್ಲ, ಆಗಬೇಕಾಗಿಯೂ ಇಲ್ಲ. ಎಲ್ಲರೂ ಹೋಗುವುದು 1642ರ ರೆಂಬ್ರಾಂಟನ ‘ನೈಟ್ ವಾಚ್’ ನೋಡುವುದಕ್ಕೆ. ನೋಡಲೇಬೇಕಾದ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರತ್ತ ಹೋಗುವ ದಾರಿಯಲ್ಲೇ, ಪಕ್ಕದ ಒಂದು ಮೂಲೆಯಲ್ಲಿ, ಒಂದೂವರೆ ಅಡಿ ಎತ್ತರವೂ ಇಲ್ಲದ ಒಂದು ಚಿತ್ರವಿದೆ. ಯೊಹಾನೆಸ್ ವರ್ಮೀರ್ ಸುಮಾರು 1660ರಲ್ಲಿ ಬರೆದ ‘ಹಾಲು ಸುರಿಯುವ ಹೆಂಗಸು’. ನನ್ನ ಒಂದು ಗಂಟೆಯನ್ನು ನಾನು ಕೊಡುವುದು ಅದಕ್ಕೆ.

ಚಿತ್ರದಲ್ಲಿ ನಡೆಯುವುದು ತೀರಾ ಕಡಿಮೆ. ಹಳದಿ ರವಿಕೆ, ನೀಲಿ ಮುಂಗವಚದ ಗಟ್ಟಿ ಆಳು ಹೆಂಗಸೊಬ್ಬಳು ಮಣ್ಣಿನ ಪಾತ್ರೆಗೆ ಹಾಲು ಬಗ್ಗಿಸುತ್ತಿದ್ದಾಳೆ. ಮೇಜಿನ ಮೇಲೆ ರೊಟ್ಟಿ, ಎಡಕ್ಕೆ ಕಿಟಕಿ. ಆ ನೀಲಿಗೆ ಅಫ್ಘಾನಿಸ್ತಾನದ ಕಲ್ಲು ಅರೆದ ಬಣ್ಣ, ಬೆಲೆಯಲ್ಲಿ ಚಿನ್ನಕ್ಕೆ ಪೈಪೋಟಿ ಕೊಡುತ್ತಿದ್ದ ಬಣ್ಣ. ಅಡುಗೆಮನೆಯ ಆಳಿಗೆ ಅದನ್ನು ಉಡಿಸಿದ್ದಾನೆ. ಇದನ್ನೆಲ್ಲ ಯಾವ ಗೈಡಾದರೂ ಹೇಳುತ್ತಾನೆ. ನನ್ನ ಕಣ್ಣು ಮಾತ್ರ ಪ್ರತಿ ಸಲವೂ ಹೋಗಿ ನಿಲ್ಲುವುದು ಅವಳ ಹಿಂದಿನ ಗೋಡೆಯ ಮೇಲೆ. ಬರೀ ಗೋಡೆ. ಅಲ್ಲಿ, ಮೇಲೆ, ಒಂದು ಮೊಳೆ ಇದೆ. ಅದಕ್ಕೆ ಏನನ್ನೂ ನೇತುಹಾಕಿಲ್ಲ. ಕಿಟಕಿಯ ಬೆಳಕು ಬಿದ್ದು ಮೊಳೆಗೊಂದು ನೆರಳು. ಹಿಂದೆ ಬೇರೆ ಮೊಳೆಗಳನ್ನು ಕಿತ್ತ ತೂತುಗಳು ಅಲ್ಲಲ್ಲಿ. ಒಂದು ತೂತು ಬರೆಯಬೇಕಾದರೆ ಕುಂಚದ ತುದಿಯಲ್ಲಿ ಎಷ್ಟು ಬಣ್ಣ ಬೇಕು? ಒಂದು ಸಾಸಿವೆಯಷ್ಟೂ ಬೇಡ. ಆ ಸಾಸಿವೆಯಷ್ಟರಿಂದ ಈ ಮನೆಯಲ್ಲಿ ಜನ ಬಹಳ ಕಾಲದಿಂದ ಬಾಳಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ನಮ್ಮ ಹಳೇ ಮನೆಯ ಪಡಸಾಲೆಯಲ್ಲೂ ಒಂದು ಮೊಳೆ ಇತ್ತು. ಅಪ್ಪನ ಅಂಗಿ, ಕೊಡೆ, ಹಾಲಿನ ಲೆಕ್ಕ ಬರೆದ ಕ್ಯಾಲೆಂಡರು ಎಲ್ಲಕ್ಕೂ ಅದೇ. ಹಬ್ಬಕ್ಕೆ ಸುಣ್ಣ ಹೊಡೆಯುವವರು ಅದನ್ನು ಕೀಳದೆ ಅದರ ಮೇಲೂ ಒಂದು ಕೈ ಎಳೆದುಬಿಡುತ್ತಿದ್ದರು. ವರ್ಷವರ್ಷವೂ ಸುಣ್ಣ ಕೂಡಿಕೊಂಡು ಅದು ಮೊಳೆಯೋ ಗೋಡೆಯದೇ ಬೆರಳೋ ಎನ್ನುವ ಹಾಗೆ ದಪ್ಪಗಾಗಿತ್ತು. ಅಪ್ಪ ಹೋದಮೇಲೂ ಕೆಲವು ವರ್ಷ ಅದರಲ್ಲಿ ಅವರ ಕೊಡೆ ಇತ್ತು. ಆ ಮನೆಯ ಫೋಟೋ ಒಂದೆರಡು ನನ್ನ ಹತ್ತಿರ ಇವೆ, ಯಾವುದರಲ್ಲೂ ಆ ಮೊಳೆ ಬಂದಿಲ್ಲ. ಫೋಟೋ ತೆಗೆಸುವಾಗ ಗೋಡೆಗೆ ಬಟ್ಟೆ ಕಟ್ಟುತ್ತಿದ್ದರು.

2022ರಲ್ಲಿ ಮ್ಯೂಸಿಯಮ್ಮಿನವರು ಸ್ಕ್ಯಾನ್ ಮಾಡಿ ನೋಡಿದಾಗ ವರ್ಮೀರ್ ಮುಚ್ಚಿಹಾಕಿದ ಸಂಗತಿಗಳು ಹೊರಬಂದವು. ಹೆಂಗಸಿನ ತಲೆಯ ಹಿಂದೆ ಹೂಜಿಗಳನ್ನು ನೇತುಹಾಕುವ ಒಂದು ಹಲಗೆಯನ್ನು ಮೊದಲು ಬರೆಯಲು ಹೊರಟಿದ್ದನಂತೆ, ಕೆಳಗೆ ಬೆಂಕಿಯ ಬುಟ್ಟಿಯನ್ನೂ. ಆಮೇಲೆ ಎರಡನ್ನೂ ಮುಚ್ಚಿಬಿಟ್ಟ. ಈ ಸುದ್ದಿ ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಲಗೆ ಬೇಡ, ಹೂಜಿ ಬೇಡ, ಮೊಳೆ ಮಾತ್ರ ಇರಲಿ ಅಂದುಕೊಂಡನಲ್ಲ! ಹೂಜಿಗಳಿದ್ದಿದ್ದರೆ ನಾವು ಹೂಜಿಗಳನ್ನು ಎಣಿಸುತ್ತಿದ್ದೆವು. ಈಗ ಅವಳ ಕೈಯಿಂದ ಇಳಿಯುವ ಆ ಸಣ್ಣ ಹಾಲಿನ ಧಾರೆಯಿಂದ ಕಣ್ಣು ಮೇಲೆತ್ತಿದರೆ ಸಿಗುವುದು ಬೆಳಕು, ಗೋಡೆ ಮತ್ತು ಆ ಮೊಳೆ. ಇಷ್ಟನ್ನು ನೋಡುವುದಕ್ಕೆ ಒಂದು ಗಂಟೆ ಧಾರಾಳವಾಗಿ ಸಾಕು.

ಗೋಡೆ ಅಂದಾಗ ನೆನಪಾಯಿತು. ಆ ಮ್ಯೂಸಿಯಮ್ಮಿನ ನಡುಮಧ್ಯದಲ್ಲೇ ಒಂದು ಸೈಕಲ್ ದಾರಿ ಹಾದುಹೋಗುತ್ತದೆ. ಪಿಯರ್ ಕೌಪರ್ಸ್ ಕಟ್ಟಿದ, 1885ರಲ್ಲಿ ತೆರೆದ ಕಟ್ಟಡ. ಅಡಿಯಲ್ಲಿ ಕಮಾನಿನ ದಾರಿ, ಆಚೀಚೆ ಕಲೆ. 2003ರಿಂದ 2013ರವರೆಗೆ ದೊಡ್ಡ ರಿಪೇರಿ ನಡೆದಾಗ ಬಾಗಿಲಿನ ಹೊಸ ನಕ್ಷೆಯಿಂದ ದಾರಿ ಕಿರಿದಾಗುತ್ತದೆಂದು ಸೈಕಲ್ಲಿನವರು ಪಟ್ಟುಹಿಡಿದರು. ಕೆಲಸ ತಡವಾಯಿತು, ನಕ್ಷೆ ಬದಲಾಯಿತು, ದಾರಿ ಉಳಿಯಿತು. ನನಗೆ ಅವರ ಹಟ ಬಹಳ ಇಷ್ಟ. ಕಮಾನಿನ ಕೆಳಗೆ ಯಾರೋ ಪಿಟೀಲು ನುಡಿಸುತ್ತಿರುತ್ತಾರೆ, ಪಕ್ಕದಲ್ಲೇ ಮುಂದಿನ ಬುಟ್ಟಿಯಲ್ಲಿ ಮಗುವನ್ನೂ ಸೊಪ್ಪನ್ನೂ ಇಟ್ಟುಕೊಂಡು ತಾಯಂದಿರು ಪೆಡಲ್ ತುಳಿಯುತ್ತಾ ಹೋಗುತ್ತಾರೆ. ಅಲ್ಲಿಯವರಿಗೆ ವರ್ಷಕ್ಕೊಮ್ಮೆ ದುಡ್ಡು ಕಟ್ಟಿದರೆ ದೇಶದ ನಾನೂರಕ್ಕೂ ಹೆಚ್ಚು ಮ್ಯೂಸಿಯಮ್ಮುಗಳಿಗೆ ಬಿಡುವ ಒಂದು ಕಾರ್ಡು ಸಿಗುತ್ತದೆ. ಆ ಕಾರ್ಡು ಜೇಬಿನಲ್ಲಿರುವವರು ಆಫೀಸಿನಿಂದ ಮನೆಗೆ ಹೋಗುವಾಗ ಸೈಕಲ್ ನಿಲ್ಲಿಸಿ, ಹತ್ತು ನಿಮಿಷ ಒಂದೇ ಚಿತ್ರ ನೋಡಿ, ಉಳಿದದ್ದು ನಾಳೆಗಾಯಿತು ಎಂದು ಹೊರಟುಹೋಗಬಹುದು. ಇಡೀ ಆಮ್‌ಸ್ಟರ್‌ಡ್ಯಾಮಿನಲ್ಲಿ ನನಗೆ ಹೊಟ್ಟೆಕಿಚ್ಚಾಗುವುದು ಅವರನ್ನು ಕಂಡರೆ.