ಹೊಳೆ ಹೇಳಿದಂತೆ ಹೆಜ್ಜೆ

ನ್ಯೂಜಿಲೆಂಡಿನ ಉತ್ತರದ ಅಂಚಿನಲ್ಲಿ ಕೇಪ್ ರೆಯಿಂಗಾ. ಟ್ಯಾಸ್ಮನ್ ಸಮುದ್ರವೂ ಪೆಸಿಫಿಕ್ ಸಾಗರವೂ ಎದುರುಬದುರಾಗಿ ಬಂದು ಜಗ್ಗಾಡುವ ಜಾಗ. ಸತ್ತವರ ಆತ್ಮಗಳು ಉದ್ದನೆಯ ಕಡಲತೀರ ಹಿಡಿದು ಇಲ್ಲಿಗೆ ಬರುತ್ತವೆ, ಬಂಡೆಗಂಟಿದ ಪೊಹುಟುಕಾವಾ ಮರದ ಬೇರುಗುಂಟ ಇಳಿದು ಪೂರ್ವಿಕರ ನಾಡಿಗೆ ಹೊರಡುತ್ತವೆ ಎಂಬುದು ಮಾವೊರಿ ಜನರ ನಂಬಿಕೆ. ತೆ ಅರರೋವಾ ಕಾಲುದಾರಿ ಶುರುವಾಗುವುದೂ ಇಲ್ಲಿಂದಲೇ. ಆತ್ಮಗಳು ಬರುವ ದಾರಿಯಲ್ಲಿ ನಾವು ಅವಕ್ಕೆ ಎದುರಾಗಿ ದಕ್ಷಿಣಕ್ಕೆ ಹೊರಡಬೇಕು. ದೇಶದ ಆ ತುದಿಯ ಬ್ಲಫ್ ಊರಿಗೆ ಸುಮಾರು 3,000 ಕಿಲೋಮೀಟರ್. ಜೆಫ್ ಚಾಪಲ್ ಎಂಬ ಪತ್ರಕರ್ತ 1994ರಲ್ಲಿ ಇಂಥದ್ದೊಂದು ದಾರಿ ಬೇಕೆಂದು ಪತ್ರಿಕೆಯಲ್ಲಿ ಬರೆದರು. ದಾರಿ ತೆರೆದದ್ದು 2011ರ ಡಿಸೆಂಬರಿನಲ್ಲಿ.

ಆ ತೀರದ ಹೆಸರು ನೈಂಟಿ ಮೈಲ್ ಬೀಚ್. ಅಳೆದರೆ ಐವತ್ತೈದು ಮೈಲಿ! ಹಾಗೆಂದು ಕಾಲಿಗೆ ಸಮಾಧಾನವೇನಿಲ್ಲ. ನೆರಳಿಲ್ಲ, ಕುಡಿಯುವ ನೀರು ಅಪರೂಪ. ಸಮುದ್ರ ಇಳಿದಾಗ ಮರಳು ಸಿಮೆಂಟಿನಷ್ಟು ಗಟ್ಟಿಯಾಗಿ ಅಂಗಾಲಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಉಬ್ಬರ ಬಂತೋ, ಹೂತುಹೋಗುವ ಸಡಿಲ ಮರಳಿಗೆ ಹತ್ತಬೇಕು. ಅದು ಮುಗಿದ ಮೇಲೆ ರಾಯೆಟೆಯಾ ಕಾಡು. ಮೊಣಕಾಲುದ್ದ ಕೆಸರು. ಮಲೆನಾಡಿನ ಕಾಡು ತುಳಿದು ಬಂದ ಕಣ್ಣು ಪ್ರತಿ ಬೇರಿನಲ್ಲೂ ಹಾವು ಹುಡುಕುತ್ತದೆ. ಈ ದೇಶದ ನೆಲದ ಮೇಲೆ ಹಾವೇ ಇಲ್ಲ. ಅದು ಗೊತ್ತಿದ್ದೂ ಹುಡುಕುತ್ತದೆ.

ವಾಂಗನುಯಿ ನದಿ ಸಿಕ್ಕಾಗ ನಡೆಯುವುದೇ ನಿಲ್ಲುತ್ತದೆ. ಅಲ್ಲಿ ನದಿಯೇ ದಾರಿ. ದೋಣಿ ಹತ್ತಿ ಹುಟ್ಟು ಹಾಕಬೇಕು. 2017ರ ಕಾನೂನು ಈ ನದಿಯನ್ನು ವ್ಯಕ್ತಿಯೆಂದು ಒಪ್ಪಿದೆ. ಅದರ ಪರವಾಗಿ ಮಾತಾಡಲು ಇಬ್ಬರನ್ನು ನೇಮಿಸಲಾಗುತ್ತದೆ. ಜರಿಗಿಡ ತುಂಬಿದ ಎತ್ತರದ ಗೋಡೆಗಳ ನಡುವೆ ತೇಲುವಾಗ ಇದು ಬರೀ ಕಾನೂನಿನ ಮಾತು ಅನ್ನಿಸಲಿಲ್ಲ. ಯಾರದೋ ಮನೆಯೊಳಗೆ ಹೇಳದೆ ಕೇಳದೆ ಹೊಕ್ಕ ಅಳುಕು.

ಕುಕ್ ಜಲಸಂಧಿಯನ್ನು ಹಡಗಿನಲ್ಲಿ ದಾಟಿ ದಕ್ಷಿಣ ದ್ವೀಪಕ್ಕೆ ಬಂದರೆ ನಿಜವಾದ ಪರೀಕ್ಷೆ. ಇಲ್ಲಿ ಅಂಜಬೇಕಾದ್ದು ಬೆಟ್ಟಕ್ಕಲ್ಲ, ಹೊಳೆಗೆ. ಬಹಳಷ್ಟು ಹೊಳೆಗಳಿಗೆ ಸೇತುವೆಯಿಲ್ಲ. ಮೇಲೆಲ್ಲೋ ಮಳೆ ಸುರಿದರೆ ಕೆಲವೇ ತಾಸಿನಲ್ಲಿ ನೀರೇರಿ ಕದಡುತ್ತದೆ, ತಳ ಕಾಣುವುದಿಲ್ಲ. ಆಗ ಕಿವಿಗೊಡಬೇಕು. ನೀರಿನಡಿಯಲ್ಲಿ ಬಂಡೆಗಳು ಉರುಳುವ ಗುಡುಗುಡು ಕೇಳಿಸಿದರೆ ಇಳಿಯುವಂತಿಲ್ಲ. ನಾಲ್ಕು ಜನರಿದ್ದರೆ ತೋಳಿಗೆ ತೋಳು ಹೆಣೆದು ಒಟ್ಟಿಗೆ ದಾಟುತ್ತಾರೆ. ಒಂಟಿಯಾಗಿ ಬಂದವರಿಗೆ ಹೆಣೆಯಲು ತೋಳೆಲ್ಲಿ? ಗುಡ್ಡದ ಗುಡಿಸಲಿಗೆ ಮರಳಿ, ಅಲ್ಲಿಟ್ಟಿರುವ ಪುಸ್ತಕದಲ್ಲಿ ಹೆಸರು, ತಾರೀಕು, ಮುಂದೆ ಹೋಗುವ ಕಡೆ ಬರೆದಿಟ್ಟು ಕಾಯಬೇಕು. ನಾಪತ್ತೆಯಾದವರನ್ನು ಹುಡುಕುವವರು ಮೊದಲು ತೆರೆಯುವುದು ಆ ಪುಸ್ತಕವನ್ನೇ. ಒಂಟಿತನ ಬೇಕೆಂದು ಅಷ್ಟು ದೂರ ಹೋಗಿ, ಯಾರಾದರೂ ಬರಲಪ್ಪಾ ಎಂದು ಬಾಗಿಲು ನೋಡುತ್ತ ಕೂತದ್ದು ನೆನೆದರೆ ಈಗ ನಗು ಬರುತ್ತದೆ.

ರಕಾಯಾ, ರಂಗಿಟಾಟಾ ನದಿಗಳ ಹತ್ತಿರ ದಾರಿಯೇ ಸೋಲೊಪ್ಪಿಕೊಂಡಿದೆ. ಅಗಲವಾದ ಜಲ್ಲಿಯ ಹಾಸಿನ ಮೇಲೆ ಹತ್ತಾರು ಎಳೆಯಾಗಿ ಹರಡಿ ಹರಿಯುವ ನದಿಗಳವು. ಈ ದಡದಲ್ಲಿ ದಾರಿ ನಿಲ್ಲುತ್ತದೆ, ಆ ದಡದಲ್ಲಿ ಮತ್ತೆ ಹುಟ್ಟುತ್ತದೆ. ನಡುವಿನದನ್ನು ವಾಹನ ಹಿಡಿದು ಸುತ್ತಿ ಬರಬೇಕು. ಅಷ್ಟಾದ ಮೇಲೆ 1,925 ಮೀಟರ್ ಎತ್ತರದ ಸ್ಟ್ಯಾಗ್ ಸ್ಯಾಡಲ್, ಇಡೀ ದಾರಿಯಲ್ಲೇ ಎತ್ತರದ ಜಾಗ. ಕೆಳಗೆ ಟೆಕಪೊ ಸರೋವರ, ಹಾಲು ಬೆರೆಸಿದ ನೀಲಿ. ಹಿಮನದಿಗಳು ಅರೆದ ಬಂಡೆಯ ಹಿಟ್ಟು ನೀರಲ್ಲಿ ತೇಲುವುದರಿಂದ ಆ ಬಣ್ಣವಂತೆ. ಕಾರಣ ತಿಳಿದ ಮೇಲೂ ಕಣ್ಣು ನಂಬಲಿಲ್ಲ.

ಮುಂದೆ ಅಹುರಿರಿ. ಸೇತುವೆಯಿಲ್ಲದೆ ದಾಟುವ ಹೊಳೆಗಳಲ್ಲಿ ಈ ದಾರಿಗೆ ಅದೇ ದೊಡ್ಡದು. ಕೆಳಗೆ ಸ್ವಲ್ಪ ದೂರದಲ್ಲಿ ಸೇತುವೆಯೂ ಇದೆ. ಒಂದು ಹೆಜ್ಜೆ ತಪ್ಪಿಸಿದರೂ ದೇಶ ನಡೆದಂತಾಗಲಿಲ್ಲ ಎಂದು ವಾದಿಸುವ ಮಡಿವಂತರು ಇಲ್ಲೂ ಉಂಟು. ದೋಣಿಯಲ್ಲಿ ಕೂತು, ಹಡಗಿನಲ್ಲಿ ಉಂಡು ಬಂದವರಿಗೆ ಇನ್ನೆಂಥ ಮಡಿ? ನಾನು ಸೇತುವೆಯ ಕಡೆ ತಿರುಗಿದೆ.