ಎಲ್ಲರೂ ತಪ್ಪದೇ ಬರಬೇಕು

ರಾಯಚೂರಿನ ಆಫೀಸುಗಳ ವಾಟ್ಸಾಪ್ ಗುಂಪಿನಲ್ಲಿ "ಸಂಜೆ ಆರಕ್ಕೆ ಬೀಳ್ಕೊಡುಗೆ, ಆಮೇಲೆ ಊಟ, ಎಲ್ಲರೂ ತಪ್ಪದೇ ಬರಬೇಕು" ಅಂತ ಬಂದರೆ ಮೊದಲು ಮುಖ ಸಣ್ಣದಾಗೋದು ಮಾನ್ವಿ, ದೇವದುರ್ಗದಿಂದ ದಿನಾ ಬಸ್ಸಿಗೆ ಓಡಾಡುವವರದು. ಆರರ ಕಾರ್ಯಕ್ರಮ ಶುರುವಾಗೋದೇ ಏಳೂವರೆಗೆ. ಹಾರ, ಶಾಲು, ಭಾಷಣದ ಮೇಲೆ ಭಾಷಣ. ತಾಟು ಕೈಗೆ ಬರೋ ಹೊತ್ತಿಗೆ ಹತ್ತು. ಆಮೇಲೆ ದೇವದುರ್ಗದ ಬಸ್ಸು ಹುಡುಕಬೇಕು. ಮನೆಯಲ್ಲಿ ಮಗಳ ಪರೀಕ್ಷೆ, ಅತ್ತೆಯ ಬಿಪಿ ಗುಳಿಗೆ. "ನಾ ಬರಾಕ ಆಗಲ್ರೀ ಸರ" ಅಂದವಳಿಗೆ ಮಂದಿ ಜೊತೆ ಬೆರೆಯೋದಿಲ್ಲ ಅನ್ನೋ ಬಿರುದು.

2019ರಲ್ಲಿ ರಾಜ್ಯ ಸರ್ಕಾರ ನೌಕರರಿಗೆ ನಾಲ್ಕನೇ ಶನಿವಾರ ರಜೆ ಕೊಟ್ಟಿತು, ಬದಲಿಗೆ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಪುಕ್ಕಟೆ ಸಿಕ್ಕ ಶನಿವಾರ ಅಲ್ಲ ಅದು. ಅದನ್ನೂ ಟ್ರಿಪ್ಪು, ಕ್ರಿಕೆಟ್ ಮ್ಯಾಚು ಅಂತ ಕಿತ್ತುಕೊಂಡರೆ ಹೇಗೆ?

ಕಂಪನಿಯ ಮೋಜಿನ ಕೂಟಗಳಿಗೆ ಒಗ್ಗದವನನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯೋದು ಸಲ್ಲ ಅಂತ 2022ರಲ್ಲಿ ಫ್ರಾನ್ಸಿನ ಉನ್ನತ ನ್ಯಾಯಾಲಯ ಹೇಳಿತು. ನಮಗೆ ಕೋರ್ಟೇನೂ ಬೇಡ, ಕಾರ್ಯಕ್ರಮ ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟರೆ ಸಾಕು. (ನಿವೃತ್ತರಾಗುವವರನ್ನೇ ಕೇಳಿ ನೋಡಿ, ಅವರಿಗೂ ಬೇಗ ಮನೆಗೆ ಹೋಗಬೇಕಿರುತ್ತದೆ.)

ಇನ್ನು ಎಳ್ಳ ಅಮಾವಾಸ್ಯೆ ದಿನ ಮಾತ್ರ ಯಾವ ಕೂಟವನ್ನೂ ಇಡಬೇಡಿರಪ್ಪ. ಹೊಲದಾಗ ಚರಗ ಚೆಲ್ಲಿ, ಮನೆಮಂದಿ ಜೊತೆ ಸಜ್ಜಿ ರೊಟ್ಟಿ, ಪುಂಡಿಪಲ್ಯ ಉಣ್ಣೋದು ಬಿಟ್ಟು ನಿಮ್ಮ ಕೇಟರಿಂಗ್ ಪಲಾವಿಗೆ ಯಾರು ಬರ್ತಾರ?